ಅಕ್ಕಡಿ ಸಾಲು ಬಿಡಬೇಡ ತಮ್ಮಾ

ತಮ್ಮಾ, ಮೊದಲು ತಲೆಯೊಳಗಿನ ಒಂದು ಹುಳ ತೆಗೆದುಹಾಕು. ಡಿಗ್ರಿ ಮುಗಿಸಿ ಮೂರು ವರ್ಷವಾದರೂ ಕೆಲಸ ಸಿಕ್ಕಿಲ್ಲ ಅಂದರೆ ಅದು ನಿನ್ನ ದಡ್ಡತನವಲ್ಲ. ನೀನು ಓದಿದ್ದೀಯ, ಪರೀಕ್ಷೆಯೂ ಬರೆದಿದ್ದೀಯ. ಪರೀಕ್ಷೆ ನಡೆಸುವವರ ಕಥೆ ಏನಾಯಿತು ಅಂತ ಒಂದಿಷ್ಟು ನೆನಪು ಮಾಡಿಕೊ. ಪಿಎಸ್‌ಐ 545 ಹುದ್ದೆಗೆ 2021ರ ಅಕ್ಟೋಬರ್‌ನಲ್ಲಿ ಪರೀಕ್ಷೆ ನಡೆಯಿತು. ಅಕ್ರಮ ಬಯಲಿಗೆ ಬಂದು 2022ರ ಏಪ್ರಿಲ್‌ನಲ್ಲಿ ರದ್ದಾಯಿತು. ಮರುಪರೀಕ್ಷೆ ಆದದ್ದು 2024ರ ಜನವರಿಯಲ್ಲಿ. ಅದೇ ವರ್ಷ ಆಗಸ್ಟ್‌ನಲ್ಲಿ ಕೆಪಿಎಸ್‌ಸಿ 384 ಗೆಜೆಟೆಡ್ ಪ್ರೊಬೇಷನರ್ ಹುದ್ದೆಗೆ ಪೂರ್ವಭಾವಿ ಪರೀಕ್ಷೆ ಮಾಡಿತು. ಪ್ರಶ್ನೆಪತ್ರಿಕೆಯ ಕನ್ನಡ ಓದಿದರೆ ಕನ್ನಡದ ಮೇಷ್ಟ್ರಿಗೂ ಅರ್ಥವಾಗದಂತಿತ್ತು, ಡಿಸೆಂಬರ್ ಕೊನೆಗೆ ಮತ್ತೆ ಬರೆಸಿದರು. ಈ ನಡುವೆ ಒಳಮೀಸಲಾತಿ ಇತ್ಯರ್ಥವಾಗುವತನಕ ಹೊಸ ಅಧಿಸೂಚನೆ ಬೇಡ ಅಂತ 2024ರ ಅಕ್ಟೋಬರ್‌ನಲ್ಲಿ ಸಂಪುಟ ತೀರ್ಮಾನಿಸಿತು. ಅದಕ್ಕೆಂದೇ ನೇಮಿಸಿದ ನಾಗಮೋಹನ ದಾಸ್ ಆಯೋಗದ ವರದಿ ಬರುವ ಹೊತ್ತಿಗೆ 2025ರ ಆಗಸ್ಟ್ ಬಂದಿತ್ತು. ಒಳಮೀಸಲಾತಿ ಬೇಕಾದ್ದೇ, ನಾನು ಅದರ ಪರ. ಆದರೆ ಆ ಅವಧಿಯಲ್ಲಿ ನಿನ್ನ ವಯಸ್ಸು ನಿಂತಿರಲಿಲ್ಲ, ಅಷ್ಟೇ ನನ್ನ ಮಾತು.

ವಯೋಮಿತಿಯನ್ನು ಮೂರು ವರ್ಷ ಸಡಿಲಿಸಿದರು ಅಂತ ಹುಡುಗರೆಲ್ಲ ಖುಷಿಪಟ್ಟಿರಿ. ಖುಷಿಪಡಿ, ಬೇಡ ಅನ್ನೋದಿಲ್ಲ. ಆದರೆ ಅದರಿಂದ ಸಿಕ್ಕದ್ದು ಕಾಯುವುದಕ್ಕೆ ಇನ್ನೂ ಮೂರು ವರ್ಷ. ಆ ಮೂರು ವರ್ಷದಲ್ಲಿ ಏನು ಮಾಡ್ತೀಯ ಅನ್ನೋದೇ ನನ್ನ ಚಿಂತೆ.

ನಮ್ಮ ಕೂಡ್ಲಿಗಿ, ಕೊಟ್ಟೂರು ಕಡೆಯ ಮಳೆಯಾಶ್ರಿತ ಹೊಲ ನೋಡಿದ್ದೀಯಲ್ಲ? ಸೇಂಗಾ ಬಿತ್ತುವ ಯಾವ ರೈತನೂ ಬರೀ ಸೇಂಗಾ ನಂಬಿ ಕೂರೋದಿಲ್ಲ. ಇಷ್ಟು ಸಾಲಿಗೊಂದು ತೊಗರಿ ಅಕ್ಕಡಿ ಹಾಕಿರ್ತಾನೆ. ಮುಂಗಾರು ಕೈಕೊಟ್ಟು ಸೇಂಗಾ ಒಣಗಿದರೆ, ಹಿಂಗಾರಿನ ನಾಲ್ಕು ಹನಿಗೆ ತೊಗರಿಯಾದರೂ ಕಾಯಿ ಕಟ್ಟುತ್ತೆ. ನೀನು ಪರೀಕ್ಷೆಯನ್ನೇ ಮುಖ್ಯ ಬೆಳೆ ಮಾಡಿಕೊ, ನಾನು ತಡೆಯೋದಿಲ್ಲ. ಅಕ್ಕಡಿ ಸಾಲು ಎಲ್ಲಿ ಅಂತ ಕೇಳ್ತೀನಿ.

ನಾನು ಅಂಚೆ ಇಲಾಖೆಯಲ್ಲಿ ಮುದುಕನಾದವನು. ಲೈಬ್ರರಿಗೆ ಓದಲು ಬರುವ ನಿಮ್ಮ ಗುಂಪು ನನ್ನನ್ನು ‘ಪೋಸ್ಟಜ್ಜ’ ಅಂತ ಕರೆಯೋದಕ್ಕೆ ಅದೇ ಕಾರಣ. ಆಗ ನೌಕರಿಯ ಅರ್ಜಿಗಳೆಲ್ಲ ನಮ್ಮ ಕೌಂಟರ್ ದಾಟಿಯೇ ಹೋಗಬೇಕು. ಕೊನೆಯ ದಿನ ರಿಜಿಸ್ಟರ್ ಮುಚ್ಚುವ ಹೊತ್ತಿಗೆ ಹುಡುಗ ಓಡಿ ಬರ್ತಿದ್ದ. ಒಂದು ಕೈಯಲ್ಲಿ ಡಿಡಿ, ಇನ್ನೊಂದರಲ್ಲಿ ಸ್ವವಿಳಾಸದ ಲಕೋಟೆ. ಅಂಟಿನ ಡಬ್ಬಿಯಲ್ಲಿ ಕಡ್ಡಿ ಅದ್ದಿ ಸ್ಟಾಂಪು ಮೆತ್ತುವಾಗ ಬೆರಳು ನಡುಗುತ್ತಿದ್ದವು. ಫೋಟೊ ಅಂಟಿಸಿದ್ದ, ಅದರ ಮೇಲೆ ಸಹಿ ಹಾಕಿರಲಿಲ್ಲ. ಪಿನ್‌ಕೋಡ್ ತಪ್ಪಿತ್ತು. ಎಷ್ಟೋ ಅರ್ಜಿಗಳು ಇಂಥ ಸಣ್ಣ ತಪ್ಪಿಗೇ ತಿರಸ್ಕೃತ ಆಗ್ತಿದ್ದವು, ಬುದ್ಧಿ ಸಾಲದ್ದಕ್ಕಲ್ಲ.

ಈಗ ಅಂಟಿನ ಡಬ್ಬಿ ಹೋಗಿ ಸೈಬರ್ ಸೆಂಟರ್ ಬಂದಿದೆ. ತಪ್ಪು ಮಾತ್ರ ಹಾಗೇ ಇದೆ. ಕೊನೆಯ ರಾತ್ರಿ ಸರ್ವರ್ ಕೈಕೊಡುತ್ತೆ, ಫೋಟೊ ಇಷ್ಟೇ ಕೆಬಿ ಇರಬೇಕು ಅನ್ನುತ್ತೆ, ಓಟಿಪಿ ಬರೋದಿಲ್ಲ. ಒಬ್ಬ ಹುಡುಗನ ಕಥೆ ಕೇಳು. ಅವನ ಇ–ಮೇಲ್ ವಿಳಾಸ ತೆರೆದುಕೊಟ್ಟವನು ಸೆಂಟರಿನವನು, ಪಾಸ್‌ವರ್ಡ್ ಇದ್ದದ್ದೂ ಅವನ ತಲೆಯಲ್ಲೇ. ಆತ ಅಂಗಡಿ ಮುಚ್ಚಿ ಬೆಂಗಳೂರು ಸೇರಿಕೊಂಡ. ದಾಖಲೆ ಪರಿಶೀಲನೆಗೆ ಬರಬೇಕು ಅಂತ ಬಂದ ಸಂದೇಶ ಆ ಇ–ಮೇಲ್‌ನಲ್ಲೇ ಕೊಳೆಯಿತು. ಹುಡುಗನಿಗೆ ಗೊತ್ತಾಗುವಾಗ ಪಟ್ಟಿಯಲ್ಲಿ ಇನ್ನೊಬ್ಬನ ಹೆಸರಿತ್ತು. ಆದ್ದರಿಂದ ಇ–ಮೇಲ್ ನಿನ್ನ ಫೋನಿನಲ್ಲೇ ಇರಲಿ, ಮೊಬೈಲ್ ನಂಬರ್ ಬದಲಿಸುತ್ತಾ ಕೂರಬೇಡ. ನೂರು ಪುಟದ ಒಂದು ನೋಟ್‌ಬುಕ್ಕಿನಲ್ಲಿ ಅರ್ಜಿ ಸಂಖ್ಯೆ, ಹಾಕಿದ ದಿನ, ಕಟ್ಟಿದ ಶುಲ್ಕ ಬರೆದಿಡು.

ಹೆಸರಿನದು ಇನ್ನೊಂದು ರಗಳೆ. ಕೊಟ್ಟೂರು ಸೀಮೆಯಲ್ಲಿ ಕಣ್ಮುಚ್ಚಿ ಕಲ್ಲೆಸೆದರೂ ಒಬ್ಬ ಕೊಟ್ರೇಶನಿಗೆ ಬೀಳುತ್ತೆ. ಊರ ಸ್ವಾಮಿಯ ಕೃಪೆ, ಇರಲಿ. ಆದರೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಇಂಗ್ಲಿಷ್ ಹೆಸರಿನಲ್ಲಿ ಒಂದು ‘ಟಿ’, ಆಧಾರ್‌ನಲ್ಲಿ ಎರಡು ‘ಟಿ’, ಬ್ಯಾಂಕ್ ಪುಸ್ತಕದಲ್ಲಿ ಕೊನೆಗೊಂದು ‘ಎ’ ಜಾಸ್ತಿ. ಅಪ್ಪನ ಹೆಸರು ಒಂದು ಕಡೆ ಇನಿಷಿಯಲ್, ಇನ್ನೊಂದು ಕಡೆ ಪೂರ್ತಿ. ಇದನ್ನು ಇಂದು ಸರಿಮಾಡಿಸಿದರೆ ನಾಲ್ಕು ದಿನದ ಓಡಾಟ, ಆಯ್ಕೆಪಟ್ಟಿ ಬಂದ ಮೇಲೆ ಸರಿಮಾಡಿಸೋಣ ಅಂದರೆ ಎದೆ ಬಡಿತ.

ಇನ್ನು ನಮ್ಮ ಸೀಮೆಯವರಿಗೆ ಮಾತ್ರ ಇರುವ ಒಂದು ಹಕ್ಕಿನ ವಿಷಯ. ಸಂವಿಧಾನದ 371(ಜೆ). ತಿದ್ದುಪಡಿ 2012ರಲ್ಲಿ ಸಂಸತ್ತಿನಲ್ಲಿ ಅಂಗೀಕಾರವಾಯಿತು, ನೇಮಕಾತಿ ಆದೇಶ ಬಂದದ್ದು 2013ರಲ್ಲಿ. ಕಲ್ಯಾಣ ಕರ್ನಾಟಕದೊಳಗಿನ ಸರ್ಕಾರಿ ಹುದ್ದೆಗಳಲ್ಲಿ ಸ್ಥಳೀಯರಿಗೆ ಎ ಮತ್ತು ಬಿ ಗುಂಪಿನಲ್ಲಿ ಶೇ 75, ಸಿ ಗುಂಪಿನಲ್ಲಿ ಶೇ 80, ಡಿ ಗುಂಪಿನಲ್ಲಿ ಶೇ 85. ಹರಪನಹಳ್ಳಿ 1997ರಲ್ಲಿ ದಾವಣಗೆರೆಗೆ ಸೇರಿದ್ದರಿಂದ ಮೊದಲಿಗೆ ಇದರಿಂದ ಹೊರಗುಳಿಯಿತು. ಅಲ್ಲಿನವರು ಹೋರಾಡಿ ಪಡೆದುಕೊಂಡರು. ಇಷ್ಟು ಕಷ್ಟಪಟ್ಟು ಸಿಕ್ಕ ಹಕ್ಕಿನ ಪ್ರಮಾಣಪತ್ರವನ್ನು ನಮ್ಮ ಹುಡುಗರು ಅರ್ಜಿಯ ಕೊನೆ ವಾರದಲ್ಲಿ ಹುಡುಕೋಕೆ ಹೊರಡ್ತಾರೆ! ಸಹಾಯಕ ಆಯುಕ್ತರ ಕಚೇರಿಯಿಂದ ಬರಬೇಕಾದ ಕಾಗದ ಅದು. ಈ ಭಾಗದಲ್ಲಿ ಹುಟ್ಟಿದ್ದಕ್ಕೋ, 2013ರ ಜನವರಿ 1ಕ್ಕೆ ಮುಂಚೆ ಹತ್ತು ವರ್ಷ ಇಲ್ಲಿ ವಾಸವಿದ್ದದ್ದಕ್ಕೋ ದಾಖಲೆ ಕೇಳ್ತಾರೆ. ಅಪ್ಪ ಅಮ್ಮ ಗುಳೆ ಹೋಗಿದ್ದ ವರ್ಷಗಳಲ್ಲಿ ನೀನು ಬೇರೆ ಜಿಲ್ಲೆಯ ಶಾಲೆಯಲ್ಲಿ ಓದಿದ್ದರೆ ಒಂದಿಷ್ಟು ತಿರುಗಾಟ ಜಾಸ್ತಿ. ಅಧಿಸೂಚನೆಗೆ ಕಾಯದೆ ಮಾಡಿಸಿಡು. ಅರ್ಜಿ ತುಂಬುವಾಗ ‘ಉಳಿಕೆ ಮೂಲ ವೃಂದ’ ಅನ್ನೋದೂ ‘ಹೈದರಾಬಾದ್–ಕರ್ನಾಟಕ ವೃಂದ’ ಅನ್ನೋದೂ ಬೇರೆ ಬೇರೆ. ನೀವು ಆರ್‌ಪಿಸಿ, ಎಚ್‌ಕೆ ಅಂತೀರಲ್ಲ, ಅದೇ. ಯಾವುದಕ್ಕೆ ಎಷ್ಟು ಹುದ್ದೆ, ಎರಡಕ್ಕೂ ಬೇರೆ ಅರ್ಜಿ ಬೇಕೋ ಬೇಡವೋ ಅಂತ ಅಧಿಸೂಚನೆಯನ್ನೇ ಪೂರ್ತಿ ಓದು. ಟೆಲಿಗ್ರಾಂ ಗುಂಪಿನಲ್ಲಿ ಬಂದ ನಾಲ್ಕು ಸಾಲಿನ ಸಾರಾಂಶ ಸಾಲದು.

ನಮ್ಮ ಇಲಾಖೆಯದನ್ನೂ ಹೇಳಿಬಿಡ್ತೀನಿ, ಸ್ವಂತ ಮನೆಯ ಹೊಗಳಿಕೆ ಅಂದುಕೊಳ್ಳಬೇಡ. ಗ್ರಾಮೀಣ ಡಾಕ್ ಸೇವಕ ಹುದ್ದೆಗೆ ಪರೀಕ್ಷೆಯೇ ಇಲ್ಲ, ಎಸ್ಸೆಸ್ಸೆಲ್ಸಿ ಅಂಕದ ಮೇಲೆ ಆಯ್ಕೆ. 18ರಿಂದ 40 ವಯಸ್ಸು, ಮೀಸಲಾತಿಯವರಿಗೆ ಇನ್ನೂ ಸಡಿಲಿಕೆ. ಕನ್ನಡ ಓದಿರಬೇಕು, ಸೈಕಲ್ ತುಳಿಯಲು ಬರಬೇಕು. ಶಾಖಾ ಅಂಚೆ ಪಾಲಕನಿಗೆ ಆರಂಭಕ್ಕೆ 12,000, ಸಹಾಯಕನಿಗೆ 10,000, ಅದರ ಮೇಲೆ ಡಿಎ. ದಿನಕ್ಕೆ ನಾಲ್ಕೈದು ತಾಸಿನ ಕೆಲಸ. ‘ಇಷ್ಟಕ್ಕೆ ಯಾರು ಹೋಗ್ತಾರೆ ಅಜ್ಜ’ ಅಂತ ನೀವು ಮೂಗು ಮುರೀತೀರಿ. ಉಳಿದ ತಾಸು ನಿನ್ನವೇ ಅಲ್ಲವೇನೋ? ಅಲ್ಲೇ ಕೂತು ಓದು. ಒಳಗೆ ಹೋದಮೇಲೆ ಇಲಾಖಾ ಪರೀಕ್ಷೆ ಬರೆದು ಪೋಸ್ಟ್‌ಮನ್ ಆದವರು, ಅಲ್ಲಿಂದ ಪೋಸ್ಟಲ್ ಅಸಿಸ್ಟೆಂಟ್ ಆದವರು ನನ್ನ ಕಣ್ಣೆದುರೇ ಇದ್ದಾರೆ. ಎಸ್ಸೆಸ್ಸೆಲ್ಸಿಯಲ್ಲಿ ಚಲೋ ಅಂಕ ತೆಗೆದು ಡಿಗ್ರಿಯಲ್ಲಿ ಎಡವಿದವರಿಗೆ ಇದು ಹೇಳಿ ಮಾಡಿಸಿದ ದಾರಿ.

ಕಷ್ಟದ ಕಾಲ ಅಂತ ಮಾತೆತ್ತಿದರೆ ನಿನ್ನ ಓರಗೆಯವರು ಕೊರೊನಾ ಅಂತೀರಿ. ನಮ್ಮ ಸೀಮೆ ಅದಕ್ಕೂ ಮುಂಚೆ ಒಂದು ದೊಡ್ಡ ಪೆಟ್ಟು ತಿಂದಿದೆ. ಚೀನಾದಲ್ಲಿ 2008ರ ಒಲಿಂಪಿಕ್ಸ್‌ಗೆ ಮುಂಚೆ ಉಕ್ಕಿನ ಹಸಿವು ಎದ್ದಾಗ ಸಂಡೂರು, ಹೊಸಪೇಟೆಯ ಕೆಂಪು ಮಣ್ಣಿಗೆ ಚಿನ್ನದ ಬೆಲೆ ಬಂತು. ಕೂಡ್ಲಿಗಿ ಮೇಲೆ ಹಾಯುವ ಹೆದ್ದಾರಿಯಲ್ಲಿ ಹಗಲು ರಾತ್ರಿ ಅದಿರು ಲಾರಿ. ರಸ್ತೆ ಬದಿಯ ಬೇವಿನ ಎಲೆಯೂ ಕೆಂಪಗಾಗಿತ್ತು. ಕಾಲೇಜು ಬಿಟ್ಟ ಹುಡುಗರು ಕ್ಲೀನರ್ ಆದರು, ಕ್ಲೀನರ್‌ಗಳು ಡ್ರೈವರ್ ಆದರು, ಹೊಲ ಅಡವಿಟ್ಟವರು ಟಿಪ್ಪರ್ ಮಾಲೀಕರಾದರು. ಪದವಿ ಓದ್ತೀನಿ ಅಂದವನನ್ನು ನೋಡಿ ಜನ ನಗ್ತಿದ್ದರು. 2011ರ ಜುಲೈ ಕೊನೆಯ ವಾರದಲ್ಲಿ ಗಣಿ ಅಕ್ರಮದ ಬಗ್ಗೆ ಲೋಕಾಯುಕ್ತ ಸಂತೋಷ್ ಹೆಗ್ಡೆ ಅವರ ವರದಿ ಬಂತು. ಅದೇ ವಾರ, 29ನೇ ತಾರೀಖು, ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು. ನಿಲ್ಲಿಸಿದ್ದು ಸರಿಯೇ, ಗುಡ್ಡವನ್ನೇ ನುಂಗುತ್ತಿದ್ದರು. ಆದರೆ ಒಂದೇ ವಾರದಲ್ಲಿ ಲಾರಿಗಳು ಸಾಲಾಗಿ ನಿಂತವು. ಡಾಬಾಗಳ ಒಲೆ ಆರಿತು, ಪಂಕ್ಚರ್ ಅಂಗಡಿ ಮುಚ್ಚಿದವು. ಕಂತು ಕಟ್ಟಲಾಗದವರ ಗಾಡಿಗಳನ್ನು ಫೈನಾನ್ಸಿನವರು ಎಳೆದುಕೊಂಡು ಹೋದರು. 2013ರ ಏಪ್ರಿಲ್‌ನಲ್ಲಿ ಕೋರ್ಟ್ ಒಂದಿಷ್ಟು ಗಣಿಗಳಿಗೆ ಷರತ್ತಿನ ಮೇಲೆ ಅನುಮತಿ ಕೊಟ್ಟರೂ ಹಳೆಯ ಅಬ್ಬರ ಮರಳಲಿಲ್ಲ.

ಆಗ ಯಾರು ಉಳಿದರು ಅನ್ನೋದನ್ನು ನಾನು ಹತ್ತಿರದಿಂದ ನೋಡಿದೆ. ಮನಿಯಾರ್ಡರ್ ಯಾವ ಊರಿಂದ ಬರುತ್ತೆ ಅಂತ ಅಂಚೆಯವನಿಗೆ ತಾನೇ ಮೊದಲು ಗೊತ್ತಾಗೋದು? ಸಾಲದ ಗಾಡಿ ಮಾತ್ರ ಇದ್ದವನು ಮುಳುಗಿದ. ಹೆವಿ ಲೈಸೆನ್ಸ್ ಇದ್ದವನು ಬೇರೆ ಜಿಲ್ಲೆಯ ರಸ್ತೆ ಕೆಲಸಕ್ಕೆ, ಸಿಮೆಂಟ್ ಲಾರಿಗೆ ಹೋದ. ಇಂಜಿನ್ ಬಿಚ್ಚಿ ಜೋಡಿಸಲು ಕಲಿತ ಕ್ಲೀನರ್ ಟ್ರ್ಯಾಕ್ಟರ್, ಮೆಕ್ಕೆಜೋಳದ ಒಕ್ಕಣೆ ಯಂತ್ರ ರಿಪೇರಿಗೆ ಕೂತ. ಹಗರಿಬೊಮ್ಮನಹಳ್ಳಿ ಕಡೆ ಈಗಲೂ ಅಂಥವರ ಗ್ಯಾರೇಜಿನ ಮುಂದೆ ಸುಗ್ಗಿಯಲ್ಲಿ ಪಾಳಿ ಇರುತ್ತೆ.

ಹೀಗಾಗಿ ಬಿ.ಎ. ಇರಲಿ, ಎಂ.ಎ. ಇರಲಿ, ಕೈಯಲ್ಲಿ ಮಾಡುವ ಒಂದು ಕೆಲಸ ಕಲಿ. ಲಘು ವಾಹನದ ಲೈಸೆನ್ಸ್ ತೆಗೆದು ಒಂದು ವರ್ಷವಾಗಿ, 20 ತುಂಬಿದ್ದರೆ ಹೆವಿ ಲೈಸೆನ್ಸಿಗೆ ಅರ್ಜಿ ಹಾಕಬಹುದು. ಹರಪನಹಳ್ಳಿ, ಹಡಗಲಿ ಗುಡ್ಡಗಳ ಮೇಲೆ ತಿರುಗುವ ಗಾಳಿಯಂತ್ರ ನೋಡ್ತೀಯಲ್ಲ, ಅದನ್ನು ಹತ್ತಿ ಬೋಲ್ಟ್ ಬಿಗಿಯುವವರು ಯಾರು? ಎಷ್ಟೋ ಸಲ ಹೊರ ರಾಜ್ಯದ ಹುಡುಗರು. ನಮ್ಮ ಹೊಲದಲ್ಲಿ ಯಂತ್ರ ನಿಂತಿದೆ, ನಮ್ಮ ಹುಡುಗ ಅದರ ನೆರಳಲ್ಲಿ ಜನರಲ್ ನಾಲೆಜ್ ಓದ್ತಾ ಕೂತಿದ್ದಾನೆ. ಎಲೆಕ್ಟ್ರಿಷಿಯನ್, ಫಿಟ್ಟರ್ ಐಟಿಐ ಮುಗಿಸಿದವನು ಅಪ್ರೆಂಟಿಸ್ ಕಾಯ್ದೆಯಡಿ ಸ್ಟೈಪೆಂಡ್ ತಗೊಂಡು ಕಲಿಯಬಹುದು. ಟೂಲ್ ರೂಂ ಕೋರ್ಸ್ ಬೇಕಾದರೆ ಹೊಸಪೇಟೆ, ಹರಿಹರದಲ್ಲಿ ಸರ್ಕಾರದ ಜಿಟಿಟಿಸಿ ಇದೆ. ಬ್ಯಾಂಕುಗಳು ನಡೆಸುವ ಗ್ರಾಮೀಣ ಸ್ವ ಉದ್ಯೋಗ ತರಬೇತಿ ಸಂಸ್ಥೆಗಳಲ್ಲಿ ಊಟ, ವಸತಿ ಎಲ್ಲ ಪುಕ್ಕಟೆ. 1982ರಲ್ಲಿ ಉಜಿರೆಯಲ್ಲಿ ಹುಟ್ಟಿದ ರುಡ್‌ಸೆಟ್ ಮಾದರಿಯನ್ನೇ ನೋಡಿ ದೇಶವೆಲ್ಲ ಅವನ್ನು ಮಾಡಿಕೊಂಡಿತು. ಊರಲ್ಲೇ ಗಾಣದ ಎಣ್ಣೆಯೋ ಶಾವಿಗೆಯೋ ಮಾಡ್ತೀನಿ ಅನ್ನುವವನಿಗೆ ಕಿರು ಆಹಾರ ಸಂಸ್ಕರಣಾ ಯೋಜನೆಯಲ್ಲಿ ಮೂಲ ಶೇ 35, ರಾಜ್ಯದ ಹೆಚ್ಚುವರಿ ಶೇ 15, ಒಟ್ಟು ಅರ್ಧದಷ್ಟು ಸಹಾಯಧನ, 15 ಲಕ್ಷದ ಮಿತಿಯೊಳಗೆ. ಆದರೆ ಸಬ್ಸಿಡಿ ನೋಡಿ ಅಂಗಡಿ ಹಾಕಬೇಡ, ಗಿರಾಕಿ ನೋಡಿ ಹಾಕು. ಜಾತ್ರೆಯಲ್ಲಿ ಮಂಡಕ್ಕಿ ಮಿರ್ಚಿ ಮಾರುವವನಿಗೆ ಇರುವ ಲೆಕ್ಕ ಎಂ.ಬಿ.ಎ. ಮಾಡಿದ ಕೆಲವರಿಗೆ ಇಲ್ಲ.

ಕಾರ್ಖಾನೆಗೆ ಹೋಗ್ತೀಯಾ, ಹೋಗು. ತೋರಣಗಲ್ಲು ಇದೆ, ಬೆಂಗಳೂರು ಇದೆ. ಹೆಚ್ಚಿನ ಕೆಲಸ ಗುತ್ತಿಗೆದಾರನ ಕೈಕೆಳಗೇ ಇರುತ್ತೆ, ಅದಕ್ಕೆ ಹೆದರಬೇಡ. ಮೊದಲ ತಿಂಗಳೇ ಮೂರು ಮಾತು ಕೇಳು: ಪಗಾರದ ಚೀಟಿ ಎಲ್ಲಿ, ಯುಎಎನ್ ನಂಬರ್ ಎಷ್ಟು, ಇಎಸ್‌ಐ ಕಾರ್ಡ್ ಯಾವಾಗ? ಪಿಎಫ್‌ಗೆ ನಿನ್ನ ಪಾಲು ಶೇ 12 ಹಿಡಿದರೆ ಅವರದೂ ಅಷ್ಟೇ ಸೇರಬೇಕು. ಪಗಾರ 21,000ದೊಳಗಿದ್ದರೆ ಇಎಸ್‌ಐ ಸಿಗುತ್ತೆ. ಪಾಸ್‌ಬುಕ್ ಫೋನಿನಲ್ಲೇ ಕಾಣುತ್ತೆ, ತಿಂಗಳಿಗೊಮ್ಮೆ ನೋಡು. ಕೈಗೆ ನೂರಿನ್ನೂರು ಜಾಸ್ತಿ ಬರುತ್ತೆ ಅಂತ ಲೆಕ್ಕಕ್ಕಿಲ್ಲದ ಕೂಲಿಗೆ ಒಪ್ಪಿದರೆ, ನಾಲ್ಕು ವರ್ಷ ದುಡಿದ ಮೇಲೂ ನಿನ್ನ ಅನುಭವಕ್ಕೆ ಒಂದು ತುಂಡು ಕಾಗದ ಇರೋದಿಲ್ಲ.

ಊರು ಬಿಡೋದಕ್ಕೆ ನಾಚಿಕೆಪಡುವವರೂ ಇದ್ದೀರಿ. ನಮ್ಮ ತಾಂಡಾಗಳ ಜನ ಮಂಡ್ಯದ ಕಬ್ಬಿಗೆ, ಚಿಕ್ಕಮಗಳೂರಿನ ಕಾಫಿಗೆ ವರ್ಷಾ ಗುಳೆ ಹೋಗಿ ಬರ್ತಾರೆ. ಅದು ಬೇರೆ ದಾರಿಯಿಲ್ಲದ್ದಕ್ಕೆ ಹೋಗುವ ದಾರಿ, ಅದನ್ನು ನಾನು ಹೊಗಳಲಾರೆ. ಆದರೆ ಓದಿದವನು ದೂರದ ಊರಿನ ನೌಕರಿಗೆ ಹೋಗೋದು ಗುಳೆಯಲ್ಲ. ಕುಂ. ವೀರಭದ್ರಪ್ಪ ನಮ್ಮ ಕೊಟ್ಟೂರಿನವರೇ, 1953ರಲ್ಲಿ ಹುಟ್ಟಿದವರು. ಮೇಷ್ಟ್ರ ಕೆಲಸ ಸಿಕ್ಕಿದ್ದು ಆಂಧ್ರದ ಹಳ್ಳಿಗಳಲ್ಲಿ. ಹೋದರು, ದಶಕಗಟ್ಟಲೆ ಅಲ್ಲೇ ಪಾಠ ಹೇಳಿದರು, ಅಲ್ಲಿ ಕಂಡ ಬಾಳನ್ನೇ ಕಥೆ ಕಾದಂಬರಿ ಮಾಡಿದರು. ‘ಅರಮನೆ’ಗೆ 2007ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಊರ ಹತ್ತಿರವೇ ಬೇಕು ಅಂತ ಕೂತಿದ್ದರೆ ಕನ್ನಡಕ್ಕೆ ಎಷ್ಟು ನಷ್ಟವಾಗ್ತಿತ್ತು ಯೋಚಿಸು.

ಹೆಣ್ಣುಮಕ್ಕಳಿಗೆ ಒಂದು ಮಾತು, ಕೇಳವ್ವಾ. ಸಂದರ್ಶನಕ್ಕೆ ಹೊಸಪೇಟೆಗೋ ದಾವಣಗೆರೆಗೋ ಕಳಿಸಲು ಮನೆಯವರು ಮೊದಲು ಬಸ್ ಚಾರ್ಜಿನ ನೆಪ ಹೇಳ್ತಿದ್ದರು. 2023ರ ಜೂನ್‌ನಿಂದ ಆ ನೆಪ ಸತ್ತಿದೆ. ಸರ್ಕಾರಿ ಬಸ್ಸು ಪುಕ್ಕಟೆ. ಆಧಾರ್ ಕಾರ್ಡ್ ಹಿಡಿದು ಹತ್ತು ಸಂದರ್ಶನಕ್ಕೆ ಹೋಗಿ ಬಾ, ಒಂಬತ್ತರಲ್ಲಿ ಬೇಡ ಅನ್ನಿಸಿಕೊಂಡರೂ ಮಾತಾಡೋದು ಕಲೀತೀಯ. ಇನ್ನು ಹುಡುಗರಿರಲಿ, ಹುಡುಗಿಯರಿರಲಿ, ಸರ್ಕಾರದ ಯುವನಿಧಿ ಭತ್ಯೆಗೆ ಅರ್ಹರಿದ್ದವರು ಸಂಕೋಚ ಬಿಟ್ಟು ತಗೊಳ್ಳಿ. ತಿಂಗಳಿಗೆ ಪದವೀಧರರಿಗೆ 3000, ಡಿಪ್ಲೊಮಾದವರಿಗೆ 1500, ಅದೂ ಎರಡೇ ವರ್ಷ. ಅದು ಪುಸ್ತಕಕ್ಕೆ, ಅರ್ಜಿ ಶುಲ್ಕಕ್ಕೆ. ಮೊಬೈಲ್ ಕಂತಿಗಲ್ಲ.

ಧಾರವಾಡದ ಸಪ್ತಾಪುರಕ್ಕೋ ಬೆಂಗಳೂರಿನ ವಿಜಯನಗರಕ್ಕೋ ಕೋಚಿಂಗಿಗೆ ಹೋಗುವ ಮುಂಚೆ ಅಪ್ಪನ ಜೊತೆ ಕೂತು ಲೆಕ್ಕ ಹಾಕು. ರೂಂ ಬಾಡಿಗೆ, ಮೆಸ್, ಫೀಸು, ಎಲ್ಲ ಸೇರಿ ವರ್ಷಕ್ಕೆ ಎಷ್ಟು, ಎಷ್ಟು ವರ್ಷ. ಕೊನೆಯ ತಾರೀಖನ್ನು ಇಬ್ಬರೂ ಒಪ್ಪಿ ಕ್ಯಾಲೆಂಡರಿನಲ್ಲಿ ಬರೆಯಿರಿ. ಆ ದಿನ ಬಂದರೆ ರೂಂ ಖಾಲಿ. ಓದು ನಿಲ್ಲಿಸು ಅಂತಲ್ಲ, ದುಡಿಯುತ್ತಾ ಓದು ಅಂತ. ರಾತ್ರಿ ಮೂರು ತಾಸು ಓದಿ ಪಾಸಾದವರು ಹಗಲೆಲ್ಲ ಕೂತು ಓದಿದವರಿಗಿಂತ ಕಡಿಮೆಯೇನಿಲ್ಲ. ಹಗಲೆಲ್ಲ ಓದುವವರಲ್ಲಿ ಅರ್ಧ ಜನ ಚಹಾದಂಗಡಿಯಲ್ಲಿ ಕಟ್‌ಆಫ್ ಚರ್ಚೆ ಮಾಡ್ತಿರ್ತಾರೆ, ನನಗೆ ಗೊತ್ತಿಲ್ಲವೇ!

ರೊಕ್ಕ ಕೊಟ್ಟರೆ ಕೆಲಸ ಕೊಡಿಸ್ತೀನಿ ಅನ್ನುವವನು ಬಂದೇ ಬರ್ತಾನೆ. ಒಳ್ಳೆಯ ಅಂಗಿ ಹಾಕಿರ್ತಾನೆ, ಸಾಹೇಬರ ಜೊತೆಗಿನ ಫೋಟೊ ತೋರಿಸ್ತಾನೆ. ಪಿಎಸ್‌ಐ ಹಗರಣದಲ್ಲಿ ಹಣ ಸುರಿದವರು ಜೈಲು ಕಂಡರು, ನೆಟ್ಟಗೆ ಓದಿ ಬರೆದವರೂ ಅವರ ಪಾಪಕ್ಕೆ ಎರಡನೇ ಸಲ ಕೂರಬೇಕಾಯಿತು. ಸರ್ಕಾರಿ ಶುಲ್ಕ ಬಿಟ್ಟು ನೌಕರಿಗೆ ಅಂತ ಯಾರ ಕೈಗೂ ಬಿಡಿಗಾಸು ಇಡಬೇಡ. ಥಾಯ್ಲೆಂಡಿನಲ್ಲಿ ಡೇಟಾ ಎಂಟ್ರಿ, ಕೈತುಂಬ ಸಂಬಳ ಅಂದವರನ್ನು ನಂಬಿ ಹೋದವರು ಮ್ಯಾನ್ಮಾರ್, ಕಾಂಬೋಡಿಯಾದ ಸೈಬರ್ ವಂಚನೆ ಅಡ್ಡೆಗಳಲ್ಲಿ ಸಿಕ್ಕಿಬಿದ್ದದ್ದನ್ನು ಪೇಪರಿನಲ್ಲಿ ಓದಿದ್ದೀಯ.

ನಿಮ್ಮ ಮನೆಯ ಹಿರಿಯರಿಗೂ ಒಂದು ಮಾತಿದೆ, ಓದಿ ಹೇಳು. ಜಾತ್ರೆಗೆ ಬಂದ ಹುಡುಗನನ್ನು ತೇರಿನ ಗಾಲಿ ಉರುಳುವ ಮುಂಚೆಯೇ ‘ಏನು ಮಾಡ್ಕೊಂಡಿದ್ದೀಯಪ್ಪಾ’ ಅಂತ ಕೇಳೋದನ್ನು ಬಿಡಿ. ಹೆಣ್ಣು ಕೊಡೋದಕ್ಕೆ ಸರ್ಕಾರಿ ನೌಕರಿಯೇ ಬೇಕು ಅಂತ ಕೂರುವವರೂ ನಾವೇ, ಹುಡುಗರು ಮೂವತ್ತೈದಾದರೂ ಪರೀಕ್ಷೆ ಬಿಡೋದಿಲ್ಲ ಅಂತ ಗೊಣಗುವವರೂ ನಾವೇ. ಮೈಲಾರದಲ್ಲಿ ಗೊರವಯ್ಯ ಬಿಲ್ಲೇರಿ ನುಡಿದ ಕಾರಣಿಕವನ್ನು ಮಳೆಗೆ, ಬೆಳೆಗೆ, ಸರ್ಕಾರಕ್ಕೆ ನೂರು ಥರ ಹೊಂದಿಸಿ ನೋಡ್ತೀವಿ. ಮಗ ಬಾಯಿಬಿಟ್ಟು ‘ಅಪ್ಪಾ, ವೆಲ್ಡಿಂಗ್ ಕಲೀತೀನಿ’ ಅಂದರೆ ಮಾತ್ರ ಕಿವಿ ಕೇಳಿಸೋದಿಲ್ಲ.

ಬರುವ ಸೋಮವಾರ ಲೈಬ್ರರಿಗೆ ಬರುವಾಗ ನಿನ್ನ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಆಧಾರ್, ಟಿ.ಸಿ., ಅಪ್ಪನ ಪಡಿತರ ಚೀಟಿ ತಗೊಂಡು ಬಾ. ಹೆಸರು ಎಲ್ಲೆಲ್ಲಿ ತಪ್ಪಿದೆ ನೋಡೋಣ, 371(ಜೆ)ಗೆ ಯಾವ ಕಾಗದ ಕಡಿಮೆ ಬೀಳುತ್ತೆ ಪಟ್ಟಿ ಮಾಡೋಣ. ಎರಡು ಸೆಟ್ ಜೆರಾಕ್ಸ್ ಮಾಡಿಸಿಕೊಂಡೇ ಬಾ. ಮೂಲ ಪ್ರತಿ ಮಾತ್ರ ನಿನ್ನ ಕೈಯಲ್ಲೇ ಇರಲಿ. ಕೋಚಿಂಗಿನವರಿಗೂ ಕೊಡಬೇಡ, ಗುತ್ತಿಗೆದಾರನಿಗೂ ಕೊಡಬೇಡ, ನಾನು ಕೇಳಿದರೂ ಕೊಡಬೇಡ.